ಅಪ್ಪನ ಕತ್ತಿನ ಪಟ್ಟಿ

ಪ್ಯಾರಿಸ್
ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ಅಜ್ಜಿ, ಸುಮಾ, ಪುಟ್ಟ ಎಲ್ಲರನ್ನೂ ಕೇಳಿದೆ ಅಂತ ಹೇಳು.

ನಿನ್ನ ಪತ್ರ ಓದಿದಾಗಿನಿಂದ ಅಪ್ಪನದೇ ಯೋಚನೆ. ಕೈ ಜೋಮು ಹಿಡಿಯುತ್ತದೆ ಅಂದರೆ ಸುಮ್ನೆ ಬಿಡುವ ವಿಷಯ ಅಲ್ಲ. ಡಾಕ್ಟರು ಕೊಟ್ಟ ಕಾಲರನ್ನು ಮೊಳೆಗೆ ನೇತುಹಾಕಿ ಸ್ಕೂಟರ್ ಹತ್ತಿದರೆ ಕತ್ತುನೋವು ಹೋಗುತ್ತದಾ? ನೋಡಿದವರು ನಗುತ್ತಾರಂತೆ! ಚಳಿಗಾಲದಲ್ಲಿ ಮಫ್ಲರ್ ಸುತ್ತಿಕೊಂಡು ಹಾಲು ತರಲು ಹೋಗುವಾಗ ಇಲ್ಲದ ನಾಚಿಕೆ ಇದಕ್ಕೆ ಮಾತ್ರ ಯಾಕೆ? ಇಲ್ಲಿಯವರಂತೂ ಬಿಸಿಲಿದ್ದರೂ ಕತ್ತಿಗೆ ಏನಾದರೂ ಸುತ್ತಿಯೇ ಹೊರಡುವುದು.

ಇವತ್ತು ಸೇನಾ ಮ್ಯೂಸಿಯಂಗೆ ಹೋಗಿದ್ದೆ. ಗಾಯಗೊಂಡ ಸೈನಿಕರಿಗೆ ಅಂತ 14ನೇ ಲೂಯಿ ಕಟ್ಟಿಸಿದ ಜಾಗ ಅದು. ನೆಪೋಲಿಯನ್ ಸಮಾಧಿಯೂ ಅಲ್ಲೇ. ಒಳಗೆ ಸಾಲುಸಾಲು ಉಕ್ಕಿನ ಕವಚಗಳು. ನನ್ನ ಕಣ್ಣು ಮಾತ್ರ ಎಲ್ಲದರ ಕತ್ತಿನ ಮೇಲೆ! ಆ ಭಾಗಕ್ಕೆ ಇಂಗ್ಲಿಷಿನಲ್ಲಿ ಗಾರ್ಜೆಟ್ ಅಂತಾರೆ. ಹೆಸರು ಹೋಗಿದ್ದು ಇಲ್ಲಿಂದಲೇ. ಫ್ರೆಂಚಿನಲ್ಲಿ 'ಗೋರ್ಜ್' ಅಂದರೆ ಗಂಟಲು, ಅದರಿಂದ ಹುಟ್ಟಿದ್ದು ಹಳೆಯ 'ಗೋರ್ಜೆತ್'. ತಮಾಷೆ ಅಂದರೆ, ಇವರೇ ಈಗ ಆ ಕವಚಕ್ಕೆ 'ಗೋರ್ಜರ್ಯಾಂ' ಅನ್ನುತ್ತಾರೆ.

ಮುಂದೊಂದು ಹಿಂದೊಂದು ತಗಡು, ಒಂದು ಭುಜದ ಹತ್ತಿರ ಕೀಲು, ಇನ್ನೊಂದು ಕಡೆ ಸಿಕ್ಕಿಸಿ ಮುಚ್ಚುವುದು. 16ನೇ ಶತಮಾನದಲ್ಲಿ ಭುಜದ ಕವಚವನ್ನೂ ಎಷ್ಟೋ ಸಲ ಇದಕ್ಕೇ ಪಟ್ಟಿಯಿಂದ ಬಿಗಿಯುತ್ತಿದ್ದರು. ಅಷ್ಟು ಭಾರ ಹೊತ್ತು ಕುದುರೆ ಹತ್ತುತ್ತಿದ್ದರು. ಅಪ್ಪನದು ಬರೀ ಸ್ಪಂಜು, ಅಲ್ವಾ? ಬಂದೂಕು ಬಂದ ಮೇಲೆ ಕವಚ ಒಂದೊಂದೇ ಕಳಚಿತು. ಇದು ಮಾತ್ರ ಅಧಿಕಾರಿಗಳ ಕತ್ತಿನಿಂದ ಇಳಿಬೀಳುವ ಅರ್ಧಚಂದ್ರದ ಬಿಲ್ಲೆಯಾಗಿ ಉಳಿಯಿತು. ಬ್ರಿಟಿಷರು 1830ರಲ್ಲಿ ಅದನ್ನೂ ಬಿಟ್ಟರು. ಹೆಸರು ಮಾತ್ರ ಬಿಟ್ಟಿಲ್ಲ. ಪಕ್ಕದ ಮನೆ ಕರ್ನಲ್ ಅಂಕಲ್ ಫೋಟೋದಲ್ಲಿ ಕಾಲರಿನ ಮೇಲೆ ಕೆಂಪು ಪಟ್ಟಿ ಇದೆಯಲ್ಲ, ನಮ್ಮ ಸೇನೆಯಲ್ಲಿ ಅದಕ್ಕೆ ಇವತ್ತಿಗೂ ಗಾರ್ಜೆಟ್ ಪ್ಯಾಚ್ ಅಂತಲೇ ಹೆಸರು. ಕರ್ನಲ್ ಆದ ಮೇಲೆಯೇ ಸಿಗುವುದು. ಇದನ್ನು ಅಪ್ಪನಿಗೆ ಓದಿ ಹೇಳು. ಅದಕ್ಕೂ ಬಗ್ಗದಿದ್ದರೆ ಅಂಕಲ್ ಕೈಲೇ ಹೇಳಿಸು, ಅವರ ಮಾತು ಮೀರಲ್ಲ.

ಸ್ಕ್ಯಾನಿಂಗ್ ಖರ್ಚಿನ ಯೋಚನೆ ಬೇಡ, ಈ ವಾರವೇ ಹಣ ಹಾಕುತ್ತೇನೆ. ನನಗೇನೂ ಕಷ್ಟ ಇಲ್ಲ. ನಿಜವಾಗಿಯೂ ಇಲ್ಲ. ಅನ್ನ ಸಾರು ಮಾಡಿಕೊಳ್ಳುತ್ತೇನೆ, ಸ್ವೆಟರ್ ಹಾಕುತ್ತೇನೆ, ಕೆಮ್ಮೂ ಹೋಯಿತು, ಕೆಲಸವೂ ಗಟ್ಟಿ. ನೀನು ಗಾಬರಿ ಆಗಬೇಡ. ಸ್ಕೂಟರ್ ಕೀ ಮಾತ್ರ ಎತ್ತಿಡು.

ಲಾಂಡ್ರಿ ಬಾಗಿಲು ಹಾಕುವ ಹೊತ್ತು, ಬಟ್ಟೆ ಮಷೀನಿನಲ್ಲೇ ಇದೆ. ಓಡುತ್ತೇನೆ. ರಿಪೋರ್ಟ್ ಬಂದ ತಕ್ಷಣ ಫೋನ್ ಮಾಡು.

ನಿನ್ನ
ರವಿ