ಮೈಸೂರಿಗೆ ಎಕೋ ಬರೆದುಕೊಟ್ಟರೆ ಗಾಬರಿ ಬೇಡ

ಅಕ್ಕತಂಗಿಯರೇ, ನಿನ್ನೆ ಒಬ್ಬರು ಕೇಳಿದ್ದರು. ಮಂಡ್ಯದಲ್ಲಿ ಸ್ಕ್ಯಾನ್ ಆಗಿದೆ, ಈಗ ಮೈಸೂರಲ್ಲಿ ಫೀಟಲ್ ಎಕೋ (ಹೊಟ್ಟೆಯೊಳಗಿನ ಮಗುವಿನ ಹೃದಯದ ಸ್ಕ್ಯಾನ್) ಮಾಡಿಸಿ ಅಂದಿದ್ದಾರೆ, ಮಗುವಿಗೆ ಏನಾದರೂ ಆಗಿದೆಯಾ ಅಂತ. ಹಾಗೇನೂ ಇರಬೇಕಿಲ್ಲ. ತಾಯಿಗೆ ಮೊದಲಿನಿಂದ ಸಕ್ಕರೆ ಕಾಯಿಲೆ ಇದ್ದರೂ, ಅಪ್ಪನಿಗೋ ಅಮ್ಮನಿಗೋ ಹುಟ್ಟಿನಿಂದ ಹೃದಯದ ತೊಂದರೆ ಇದ್ದರೂ ಬರೆಯುತ್ತಾರೆ.

ಸಾಮಾನ್ಯವಾಗಿ 18ರಿಂದ 24 ವಾರದೊಳಗೆ ಮಾಡುತ್ತಾರೆ. ಹೃದಯದ ನಾಲ್ಕು ಕೋಣೆ, ಕವಾಟ, ಬಡಿತ ಎಲ್ಲ ನೋಡುತ್ತಾರೆ. ನಿಮಿಷಕ್ಕೆ 110ರಿಂದ 160 ಬಡಿತ, ನಮಗಿಂತ ಜಾಸ್ತಿ ಅಲ್ವಾ? ಅದು ಸರಿಯೇ. ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ ಇರುತ್ತದೆ. ‘ತೂತು’ ಅಂತ ಕೇಳಿ ಅಳಬೇಡಿ! ಹೊಟ್ಟೆಯೊಳಗೆ ಮಗುವಿಗೆ ಶ್ವಾಸಕೋಶದ ಕೆಲಸ ಇಲ್ಲ, ಅದಕ್ಕೇ ರಕ್ತಕ್ಕೆ ಈ ಒಳದಾರಿ. ಹುಟ್ಟಿದ ಮೇಲೆ ಹೆಚ್ಚಿನ ಮಕ್ಕಳಲ್ಲಿ ಮುಚ್ಚಿಕೊಳ್ಳುತ್ತದೆ.

ಕೆಲವರಿಗೆ ಡಾಪ್ಲರ್ ಅಂತಲೂ ಬರೆಯುತ್ತಾರೆ. ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್. ನಾಲೆ ನೀರು ಗದ್ದೆಗೆ ಸರಿಯಾಗಿ ಬರುತ್ತಿದೆಯಾ ಅಂತ ನೋಡುತ್ತೀವಲ್ಲ, ಹಾಗೆ. ಹೊಕ್ಕುಳಬಳ್ಳಿಯಲ್ಲಿ ಎರಡು ಬಡಿತದ ನಡುವೆಯೂ ರಕ್ತ ಮುಂದಕ್ಕೆ ಹರಿಯುತ್ತಿರಬೇಕು. ನಿಂತರೆ, ಹಿಂದಕ್ಕೆ ಬಂದರೆ, ಡಾಕ್ಟರ್ ಹೇಳಿದ ದಿನವೇ ಹೋಗಿ. ಹಬ್ಬ ಮುಗಿಯಲಿ ಅನ್ನಬೇಡಿ.

ಎಕೋ, ಡಾಪ್ಲರ್ ಎರಡಕ್ಕೂ ಬಳಸುವುದು ಶಬ್ದದ ಅಲೆ, ಎಕ್ಸ್‌ರೇ ಅಲ್ಲ. ಹಳೇ ರಿಪೋರ್ಟ್, ತಾಯಿ ಕಾರ್ಡ್, ಆಧಾರ್ ಇಟ್ಟುಕೊಳ್ಳಿ. ಗಂಡೋ ಹೆಣ್ಣೋ ಅಂತ ಮಾತ್ರ ಕೇಳಬೇಡಿ, ಹೇಳುವುದು ಅಪರಾಧ.