ಫೈನ್ ತಪ್ಪಿಸಲು ತಂದ ಪೆಟ್ಟಿಗೆಯೇ ಫೈನ್ ಹಾಕಿಸಿತು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಮಂಜೇಶ್ವರ ಕಡೆಯವರೊಬ್ಬರು, ಕಾರಿನಲ್ಲಿ ರೇಡಾರ್ ಡಿಟೆಕ್ಟರ್ (ವೇಗ ಅಳೆಯುವ ರೇಡಾರ್ ಹತ್ತಿರ ಇದ್ದರೆ ಕೂಗಿ ಎಚ್ಚರಿಸುವ ಪೆಟ್ಟಿಗೆ) ಇಟ್ಟರೆ ಕ್ಯಾಮರಾ ಕಾಟ ತಪ್ಪುತ್ತದಂತೆ, ಅದನ್ನು ಎಲ್ಲಿ ಕೂರಿಸಬೇಕು ಅಂತ ಕೇಳಿದ್ದರು. ಬೇರೆ ಯಾರಾದರೂ ಉತ್ತರ ಬರೆಯುತ್ತಾರೆ ಅಂತ ಕಾದೆ. ಯಾರೂ ಬರೆಯಲಿಲ್ಲ. ಹಾಗಾಗಿ ಆ ಪೆಟ್ಟಿಗೆಯ ಜತೆ ನಾಲ್ಕು ತಿಂಗಳು ಸಂಸಾರ ಮಾಡಿದ ನಾನೇ ಬರೆಯುತ್ತಿದ್ದೇನೆ.

ನಮ್ಮದು ಪೆರ್ಲ ಹತ್ತಿರ. ಅಡಿಕೆ ತೋಟ, ಹಳೆಯ ಒಂದು ಕಾರು. ಕಾರು ಹೆಚ್ಚಾಗಿ ಹೋಗುವುದು ಮಂಗಳೂರಿನ ಆಸ್ಪತ್ರೆಗೆ. ಕಾಸರಗೋಡಿನ ನಮ್ಮಂಥವರಿಗೆ ಸ್ವಲ್ಪ ದೊಡ್ಡ ಕಾಯಿಲೆ ಬಂದರೆ ಬೇರೆ ದಾರಿ ಇಲ್ಲ ಅಲ್ವಾ, ಕರ್ನಾಟಕದ ಗಡಿಯ ತಲಪಾಡಿ ದಾಟಲೇಬೇಕು. ಒಂದು ಸಲ ಹಾಗೆ ಹೋಗಿ ಬಂದಾಗ ಓವರ್‌ಸ್ಪೀಡ್ ಅಂತ ಮೊಬೈಲಿಗೆ ಮೆಸೇಜ್ ಬಂತು, 1500 ರೂಪಾಯಿ ಕಟ್ಟಿದೆ. ಇದನ್ನು ಫೋನಿನಲ್ಲಿ ಅಕ್ಕನ ಹತ್ತಿರ ಹೇಳಿದ್ದೇ ತಪ್ಪಾಯಿತು. ಬೆಂಗಳೂರಿನಲ್ಲಿರುವ ಅಳಿಯ ಕೇಳಿಸಿಕೊಂಡ. ಮುಂದಿನ ಸಲ ಊರಿಗೆ ಬರುವಾಗ ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಕಪ್ಪು ಪೆಟ್ಟಿಗೆ ತಂದು ಕೈಗಿಟ್ಟ. "ಮಾವಾ, ಇದು ಇದ್ದರೆ ನಿಮಗೆ ಫೈನೇ ಇಲ್ಲ" ಅಂದ. ಎಷ್ಟು ಕೊಟ್ಟೆ ಅಂದರೆ ಹದಿನಾರು ಸಾವಿರ. ಹತ್ತು ಸಲ ಸಿಕ್ಕಿಬಿದ್ದು ಹತ್ತು ಸಲವೂ ಫೈನ್ ಕಟ್ಟಿದರೂ ಅದರಲ್ಲಿ ಇನ್ನೂ ಒಂದು ಸಾವಿರ ಉಳಿಯುತ್ತಿತ್ತು ಮಾರಾಯರೇ. ಆದರೆ ತಂದುಕೊಟ್ಟ ಹುಡುಗನ ಮುಖಕ್ಕೆ ಹಾಗೆ ಹೇಳುವುದಕ್ಕಾಗುತ್ತದೆಯೇ?

ಮೊದಲು ಕೂರಿಸುವ ವಿಷಯ, ಕೇಳಿದ್ದು ಅದನ್ನೇ ತಾನೆ. ಪೆಟ್ಟಿಗೆಗೆ ಮುಂದಿನ ರಸ್ತೆ ನೇರವಾಗಿ ಕಾಣಬೇಕು. ರೇಡಾರಿನ ಅಲೆ ಗಾಜಿನ ಮೂಲಕ ಬರುತ್ತದೆ, ಲೋಹದ ಮೂಲಕ ಬರುವುದಿಲ್ಲ. ಬಿಸಿಲಿಗೆ ಅಂತ ಗಾಜಿಗೆ ಲೋಹ ಬೆರೆತ ಫಿಲಂ ಇದ್ದರೆ ಅದರ ಹಿಂದೆ ಇಟ್ಟು ಪ್ರಯೋಜನವಿಲ್ಲ. ವೈಪರ್ ಬಂದು ನಿಲ್ಲುವ ಜಾಗವೂ ಆಗದು. ನಾನು ಮೊದಲು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದೆ, ಅದರ ಎದುರಿಗೆ ನಮ್ಮ ಗಣಪತಿ. ಮಧೂರಿಗೆ ಹೋಗಿದ್ದಾಗ ತಂದ ಹಿತ್ತಾಳೆಯ ಸಣ್ಣ ಮೂರ್ತಿ, ಕಾರು ತೆಗೆದುಕೊಂಡ ದಿನದಿಂದ ಅಲ್ಲೇ ಇದೆ. ಅಳಿಯ ಹೇಳಿದ, ಮಾವಾ ಗಣಪತಿಯನ್ನು ಸ್ವಲ್ಪ ಆಚೆ ಸರಿಸಿ, ಸಿಗ್ನಲ್‌ಗೆ ಅಡ್ಡ. ನನ್ನ ಹೆಂಡತಿ, "ಗಣಪತಿ ಇದ್ದಲ್ಲೇ ಇರುತ್ತಾನೆ, ಬೇಕಾದರೆ ನಿಮ್ಮ ಪೆಟ್ಟಿಗೆ ಸರಿಯಲಿ" ಅಂದಳು. ಸರಿ, ಪೆಟ್ಟಿಗೆಯೇ ಸರಿಯಿತು. ಎಡಗಡೆಗೆ ಇಡೋಣ ಅಂದರೆ ಅಲ್ಲಿ ಏರ್‌ಬ್ಯಾಗಿನ ಮುಚ್ಚಳ. ಅದರ ಮೇಲೆ ಏನನ್ನೂ ಇಡಬಾರದು, ಬ್ಯಾಗ್ ಬಿಚ್ಚಿಕೊಂಡರೆ ಮೇಲಿದ್ದ ವಸ್ತು ಕಲ್ಲು ಹೊಡೆದಂತೆ ಮುಖಕ್ಕೆ ಬರುತ್ತದೆ. ಉಳಿದ ಜಾಗ ಒಂದೇ, ನಡುವಿನ ಕನ್ನಡಿಯ ಪಕ್ಕ, ಗಾಜಿಗೆ ರಬ್ಬರ್ ಕಪ್ ಒತ್ತಿ ನೇತುಹಾಕುವುದು. ಜಾಗ ಒಳ್ಳೆಯದೇ, ಡ್ರೈವರಿನ ಕಣ್ಣಿಗೆ ಅಡ್ಡ ಬರದಷ್ಟು ಮೇಲೆ ಇರಬೇಕು ಅಷ್ಟೆ.

ಕರೆಂಟಿನ ಕತೆ ಬೇರೆ. ಚಾರ್ಜರ್ ಹಾಕುವ ಸಾಕೆಟ್ಟಿಗೆ ಸಿಕ್ಕಿಸಿದರೆ ವೈರು ಗೇರಿನ ಮೇಲೆ ಹಾವಿನಂತೆ ಬಿದ್ದಿರುತ್ತದೆ. ಅದು ಬೇಡ ಅಂತ ವೈರಿಂಗ್ ಮಾಡುವ ಹುಡುಗನ ಹತ್ತಿರ ಹೋಗಿ ಫ್ಯೂಸ್ ಬಾಕ್ಸಿನಿಂದ ಎಳೆಸಿದೆ. ವೈರನ್ನು ಚಾವಣಿಯ ಬಟ್ಟೆಯ ಒಳಗೆ ತುರುಕಿ, ಬಾಗಿಲ ಪಕ್ಕದ ರಬ್ಬರಿನ ಅಡಿಯಿಂದ ಕೆಳಗಿಳಿಸಿ ಚೆಂದ ಮಾಡಿದ್ದ. ಒಂದೇ ತಪ್ಪು ಮಾಡಿದ. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಕೊಡಬೇಕಿತ್ತು, ಇವ ಸದಾ ಕರೆಂಟಿರುವ ಫ್ಯೂಸಿಗೆ ಕೊಟ್ಟಿದ್ದ. ಕಾರು ನಾಲ್ಕು ದಿನ ಶೆಡ್ಡಿನಲ್ಲಿತ್ತು, ಪೆಟ್ಟಿಗೆ ಮಾತ್ರ ಕಣ್ಣು ಮುಚ್ಚದೆ ಶೆಡ್ಡಿನ ಗೋಡೆಯಲ್ಲಿ ರೇಡಾರ್ ಹುಡುಕುತ್ತಾ ಕೂತಿತ್ತು. ಐದನೇ ದಿನ ಸೆಲ್ಫ್ ಹೊಡೆದರೆ ಟಿಕ್ ಅಂತ ಒಂದು ಶಬ್ದ, ಮತ್ತೆ ಏನಿಲ್ಲ. ತೋಟದ ಕೆಲಸದವರನ್ನು ಕರೆದು ತಳ್ಳಿಸಿದೆ.

ಇನ್ನು ಅದು ಮಾಡುವ ಕೆಲಸ. ವೇಗ ಅಳೆಯುವ ರೇಡಾರ್ ಒಂದು ರೇಡಿಯೋ ಅಲೆ ಬಿಡುತ್ತದೆ, ಅದು ನಮ್ಮ ಗಾಡಿಗೆ ಬಡಿದು ವಾಪಸ್ ಹೋಗುತ್ತದೆ. ನಾವು ಅದರ ಕಡೆಗೆ ಬರುತ್ತಿದ್ದರೆ ವಾಪಸ್ ಹೋಗುವ ಅಲೆಯ ಕಂಪನ ಸ್ವಲ್ಪ ಜಾಸ್ತಿಯಾಗುತ್ತದೆ. ರೈಲು ಹತ್ತಿರ ಬರುವಾಗ ಹಾರನ್ ಸ್ವರ ಏರಿದಂತೆ ಕೇಳುತ್ತದಲ್ಲ, ಅದೇ ಲೆಕ್ಕ. 1842ರಲ್ಲಿ ಡಾಪ್ಲರ್ ಎಂಬ ಆಸ್ಟ್ರಿಯಾದವರು ಹೇಳಿದ್ದು. 24 ಗಿಗಾಹರ್ಟ್ಸ್ ರೇಡಾರಿನ ಎದುರಿಗೆ ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋದರೆ ಈ ವ್ಯತ್ಯಾಸ ಸೆಕೆಂಡಿಗೆ ಸುಮಾರು 4000 ಕಂಪನ. ಆ ವ್ಯತ್ಯಾಸವನ್ನೇ ವೇಗಕ್ಕೆ ತಿರುಗಿಸಿ ತೋರಿಸುತ್ತಾರೆ. ಡಿಟೆಕ್ಟರ್ ಅಂದರೆ ಆ ಅಲೆಯನ್ನು ಕೇಳಿಸಿಕೊಳ್ಳುವ ರೇಡಿಯೋ, ಇನ್ನೇನೂ ಅಲ್ಲ. ಅಲೆ ಬಿಟ್ಟವರಿದ್ದರೆ ಕೂಗುತ್ತದೆ. ಬಿಡದಿದ್ದರೆ ಸುಮ್ನೆ ಇರುತ್ತದೆ.

ಇಲ್ಲೇ ಎಡವಟ್ಟು. ಕೇರಳದಲ್ಲಿ 2023ರಲ್ಲಿ ಎಐ ಕ್ಯಾಮರಾ ಅಂತ 726 ಹಾಕಿದರು, ಆ ವರ್ಷ ಜೂನ್ 5ರಿಂದ ಫೈನ್ ಶುರುವಾಯಿತು. ಅದರಲ್ಲಿ 675 ಕ್ಯಾಮರಾ ನೋಡುವುದು ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್ ಇಂಥದ್ದನ್ನು. 25 ಪಾರ್ಕಿಂಗ್‌ಗೆ, 18 ಕೆಂಪು ದೀಪಕ್ಕೆ. ವೇಗಕ್ಕೆ ಅಂತಲೇ ಇರುವುದು 8, ನಾಲ್ಕು ನಿಂತಲ್ಲೇ ನಿಂತವು, ನಾಲ್ಕು ಓಡಾಡುವ ಗಾಡಿಯವು. ಬೆಲ್ಟ್ ನೋಡುವ ಕ್ಯಾಮರಾ ಫೋಟೋ ತೆಗೆಯುತ್ತದೆ ಅಷ್ಟೆ. ಅದಕ್ಕೆ ರೇಡಾರ್ ಯಾಕೆ ಬೇಕು? ಮದುವೆಮನೆ ಫೋಟೋಗ್ರಾಫರ್ ಬಂದರೆ ಡಿಟೆಕ್ಟರ್ ಕೂಗುತ್ತದೆಯೇ?

ಇಂಟರ್‌ಸೆಪ್ಟರ್ ಗಾಡಿಯಲ್ಲಿ ವೇಗ ಹಿಡಿಯುತ್ತಾರಲ್ಲ ಅನ್ನಬಹುದು. ಹಿಡಿಯುತ್ತಾರೆ, ಆದರೆ ಲೇಸರ್ ಗನ್ ಇದ್ದರೆ ಕತೆ ಮುಗಿಯಿತು. ರೇಡಾರಿನ ಅಲೆ 300 ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಅರವತ್ತು ಎಪ್ಪತ್ತು ಮೀಟರ್ ಅಗಲ ಹರಡಿರುತ್ತದೆ, ಮುಂದಿನ ಗಾಡಿಗೆ ಹಿಡಿದದ್ದು ನಮಗೂ ಕೇಳುತ್ತದೆ. ಲೇಸರ್ ಅಷ್ಟೇ ದೂರದಲ್ಲಿ ಒಂದು ಮೀಟರಿನಷ್ಟು ಹರಡಿದರೆ ಹೆಚ್ಚು. ಅದು ನಮ್ಮ ಪೆಟ್ಟಿಗೆಗೆ ತಾಗಿತು ಅಂದರೆ ನಮ್ಮ ಗಾಡಿಗೇ ಗುರಿ ಇಟ್ಟಿದ್ದಾರೆ ಅಂತ ಅರ್ಥ, ಪೆಟ್ಟಿಗೆ ಬೊಬ್ಬೆ ಹಾಕುವಾಗ ಅವರ ಪರದೆಯಲ್ಲಿ ನಮ್ಮ ವೇಗ ಬಂದಾಗಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಎರಡು ಕಡೆ ನಂಬರ್ ಪ್ಲೇಟ್ ಓದಿ, ಈ ದೂರವನ್ನು ಎಷ್ಟು ನಿಮಿಷದಲ್ಲಿ ಬಂದಿರಿ ಅಂತ ಲೆಕ್ಕ ಹಾಕುವ ಪದ್ಧತಿಯೂ ಇದೆ. ಅದರಲ್ಲಂತೂ ಹಿಡಿಯುವುದಕ್ಕೆ ಅಲೆಯೇ ಇಲ್ಲ.

ಹಾಗಾದರೆ ನಾಲ್ಕು ತಿಂಗಳು ಅದು ಕೂಗಲೇ ಇಲ್ಲವೇ? ಕೂಗಿತು, ಮಂಡೆಬೆಚ್ಚ ಆಗುವಷ್ಟು ಕೂಗಿತು. ಕಾಸರಗೋಡು ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿ ಎದುರು ಹೋದಾಗಲೆಲ್ಲ ಕೂಗುತ್ತಿತ್ತು. ಅಲ್ಲಿ ಪೊಲೀಸರೂ ಇಲ್ಲ, ಕ್ಯಾಮರಾವೂ ಇಲ್ಲ. ಮೂರನೇ ಸಲ ಗೊತ್ತಾಯಿತು, ಅಂಗಡಿಗೆ ತಾನಾಗಿ ತೆರೆಯುವ ಗಾಜಿನ ಬಾಗಿಲು ಇದೆ. ಜನ ಬಂದರೋ ಇಲ್ಲವೋ ನೋಡುವುದಕ್ಕೆ ಆ ಬಾಗಿಲ ಮೇಲೆ ಒಂದು ಸಣ್ಣ ರೇಡಾರ್ ಇರುತ್ತದೆ, ಅದೂ 24 ಗಿಗಾಹರ್ಟ್ಸ್ ಆಸುಪಾಸಿನದ್ದೇ. ಹಾಗೆಯೇ ಪಕ್ಕದ ಗಾಡಿ ತೋರಿಸುವ ಸೆನ್ಸರ್ ಇರುವ ಕೆಲವು ಕಾರುಗಳು ಮುಂದೆ ಹೋಗುತ್ತಿದ್ದರೂ ಕೂಗುತ್ತದೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಆರು ಲೇನ್ ರಸ್ತೆಯಲ್ಲಿ ಅಂಥ ಒಂದು ಕಾರು ಮುಂದೆ ಸಿಕ್ಕಿದರೆ ಕುಂಬಳೆಯಿಂದ ಉಪ್ಪಳದವರೆಗೂ ಬೀಪ್ ಬೀಪ್. ನನ್ನ ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು, ಸುಳ್ಳಲ್ಲ.

ಈಗ ಫೈನ್ ಬಂದ ಕತೆ. ಏಪ್ರಿಲ್ ತಿಂಗಳು, ನಮ್ಮ ಕರಾವಳಿಯ ಸೆಕೆ ನಿಮಗೆ ಹೇಳಬೇಕಾಗಿಲ್ಲ. ಕಾರು ಆಸ್ಪತ್ರೆಯ ಹೊರಗೆ ಬಿಸಿಲಿನಲ್ಲಿ ಮೂರು ಗಂಟೆ ನಿಂತಿತ್ತು. ರಬ್ಬರ್ ಕಪ್ ಮೆತ್ತಗಾಗಿ ಒಳಗೆ ಗಾಳಿ ಹೋಗಿರಬೇಕು. ವಾಪಸ್ ಬರುತ್ತಾ ಹೊಸಂಗಡಿ ದಾಟಿದ ಮೇಲೆ ಪೆಟ್ಟಿಗೆ ಟಪ್ ಅಂತ ಕಳಚಿ ನನ್ನ ಮಡಿಲಿಗೆ ಬಿತ್ತು, ಅಲ್ಲಿಂದ ಜಾರಿ ಹೆಂಡತಿಯ ಕಾಲಡಿಗೆ ಹೋಯಿತು. ಬ್ರೇಕಿನ ಅಡಿಗೆ ಹೋದರೆ ಏನು ಗತಿ ಅಂತ ನಾನು ಹೆದರಿ ಕೂಗಿದೆ. ಅವಳು ಬೆಲ್ಟ್ ಬಿಚ್ಚಿ ಬಗ್ಗಿ ಹುಡುಕಿದಳು. ಹತ್ತು ಹದಿನೈದು ಸೆಕೆಂಡು, ಅಷ್ಟೆ. ಕೆಲವು ದಿನದ ನಂತರ ಸೀಟ್ ಬೆಲ್ಟ್ ಹಾಕಿಲ್ಲ ಅಂತ 500 ರೂಪಾಯಿ ಚಲನ್ ಬಂತು. ಫೋಟೋದಲ್ಲಿ ನಾನು ಬಾಯಿ ತೆರೆದುಕೊಂಡು ಕೂತಿದ್ದೇನೆ, ಪಕ್ಕದಲ್ಲಿ ಅವಳ ಮುಖವಿಲ್ಲ, ಹಸಿರು ಸೀರೆಯ ಬೆನ್ನು ಮಾತ್ರ. ಹದಿನಾರು ಸಾವಿರದ ಪೆಟ್ಟಿಗೆ ಆಗ ಅವಳ ಕೈಯಲ್ಲೇ ಇತ್ತು, ಒಂದು ಬೀಪ್ ಸಹ ಹೇಳಲಿಲ್ಲ.

ಗಲ್ಫಿನಲ್ಲಿರುವ ನೆರೆಮನೆಯವರಿಗೆ ಇದನ್ನು ಹೇಳಿದಾಗ ಅವರು ಜೋರಾಗಿ ನಕ್ಕರು. ಯುಎಇಯಲ್ಲಿ ಇದನ್ನು ಕಾರಿನಲ್ಲಿ ಇಟ್ಟುಕೊಳ್ಳುವ ಹಾಗೇ ಇಲ್ಲವಂತೆ. ಇದು ಜಾಸ್ತಿ ಓಡುವ ಅಮೆರಿಕದಲ್ಲೂ ವರ್ಜೀನಿಯಾದಲ್ಲಿ, ವಾಷಿಂಗ್ಟನ್ ಡಿ.ಸಿ.ಯಲ್ಲಿ ನಿಷೇಧ ಇದೆ. ಕ್ಯಾಲಿಫೋರ್ನಿಯಾದಂಥ ಕಡೆ ಪೆಟ್ಟಿಗೆಗೆ ತೊಂದರೆ ಇಲ್ಲದಿದ್ದರೂ ಎದುರಿನ ಗಾಜಿಗೆ ಏನೇನೋ ಅಂಟಿಸುವುದಕ್ಕೆ ಕಟ್ಟುನಿಟ್ಟು. ಇನ್ನು ಜಾಮರ್ ಅಂತ ಒಂದಿದೆ, ಅಲೆಯನ್ನೇ ಕೆಡಿಸುವುದು. ಅಂಗಡಿಯವ ತೋರಿಸಿದರೂ ಕೈ ಹಾಕಬೇಡಿ, ಸರಕಾರದ ಅನುಮತಿ ಇಲ್ಲದೆ ಜಾಮರ್ ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ.

ಇಷ್ಟು ಬರೆದ ಮೇಲೆ ಮನಸ್ಸಿನಲ್ಲಿ ಇದ್ದದ್ದನ್ನೂ ಹೇಳಿಬಿಡುತ್ತೇನೆ. ನನಗೆ ಮೊದಲ ಫೈನ್ ಬಿದ್ದದ್ದು ನಾನು ಶೂರನಂತೆ ಓಡಿಸಿದ್ದಕ್ಕಲ್ಲ, ಎಲ್ಲಿ ಎಷ್ಟು ಅಂತ ಗೊತ್ತಿಲ್ಲದ್ದಕ್ಕೆ. ಕೇರಳದಲ್ಲಿ 2023ರ ಜುಲೈ 1ರಿಂದ ಮಿತಿ ಬದಲಾಗಿದೆ. ಕಾರಿಗೆ ಆರು ಲೇನಿನ ರಾಷ್ಟ್ರೀಯ ಹೆದ್ದಾರಿಯಲ್ಲಿ 110, ನಾಲ್ಕು ಲೇನಿನಲ್ಲಿ 100, ಉಳಿದ ರಾಷ್ಟ್ರೀಯ ಹೆದ್ದಾರಿಯಲ್ಲಿ 90, ರಾಜ್ಯ ಹೆದ್ದಾರಿ ಮತ್ತು ಜಿಲ್ಲೆಯ ಮುಖ್ಯ ರಸ್ತೆಯಲ್ಲಿ 80, ಬೇರೆ ರಸ್ತೆಯಲ್ಲಿ 70, ಪೇಟೆಯೊಳಗೆ 50. ಬೈಕಿಗೆ ಮೊದಲಿದ್ದ 70 ಇಳಿದು 60 ಆಗಿದೆ. ಎಲ್ಲಾದರೂ ಇದಕ್ಕಿಂತ ಕಡಿಮೆ ಬೋರ್ಡ್ ಇದ್ದರೆ ಅಲ್ಲಿ ಬೋರ್ಡೇ ಲೆಕ್ಕ. ಪೆರ್ಲದಿಂದ ಬದಿಯಡ್ಕ, ಸೀತಾಂಗೋಳಿ, ಕುಂಬಳೆ, ಅಲ್ಲಿಂದ ತಲಪಾಡಿ, ಒಂದೇ ಪ್ರಯಾಣದಲ್ಲಿ ನಾಲ್ಕು ಥರದ ಮಿತಿ ದಾಟುತ್ತೇವೆ, ಮತ್ತೆ ಗಡಿ ದಾಟಿದರೆ ಬೇರೆ ರಾಜ್ಯ.

ಅಂಕಿಗೆ ಯಾವ ಭಾಷೆ, 80 ಅಂದರೆ ಎಲ್ಲರಿಗೂ 80 ಅಲ್ವಾ ಅನ್ನಬಹುದು. ಅಂಕಿ ಒಂದೇ ಇದ್ದರೆ ಸರಿ. ಯಾವ ಗಾಡಿಗೆ ಎಷ್ಟು, ಶಾಲೆ ಹತ್ತಿರ ಎಷ್ಟು, ಮುಂದೆ ಕ್ಯಾಮರಾ ಇದೆ, ಎಡಗಡೆಯ ಲೇನ್ ಯಾರಿಗೆ, ಇದೆಲ್ಲ ಅಕ್ಷರದಲ್ಲಿ ಬರೆದಿರುತ್ತದೆ. ನಾನು ಶಾಲೆಯಲ್ಲಿ ಕಲಿತದ್ದು ಕನ್ನಡ. ಮಲಯಾಳ ಮಾತಾಡಲು ಬರುತ್ತದೆ, ಪೇಟೆ ವ್ಯವಹಾರಕ್ಕೆ ಸಾಕಷ್ಟು ಬರುತ್ತದೆ, ಆದರೆ ಗಾಡಿ ಓಡಿಸುತ್ತಾ ಆ ಗುಂಡು ಗುಂಡು ಅಕ್ಷರ ಕೂಡಿಸಿ 'ವೇಗಪರಿಧಿ' ಅಂತ ಓದುವಷ್ಟರಲ್ಲಿ ಬೋರ್ಡ್ ಹಿಂದೆ ಹೋಗಿರುತ್ತದೆ. 1956ರ ನವೆಂಬರ್ 1ರಿಂದ ನಾವು ಕೇರಳದವರು, ಅದರ ಜಗಳ ಈಗ ತೆಗೆಯುವುದಿಲ್ಲ, ಅದಕ್ಕೆ ಬೇರೆ ಪತ್ರ ಬೇಕು. ಕೆಲವು ಕಡೆ ಕನ್ನಡ ಬೋರ್ಡ್ ಇದೆ, ಇಲ್ಲ ಅನ್ನುವುದಿಲ್ಲ. ನಾನು ಓಡಾಡುವ ದಾರಿಯಲ್ಲಿ ಒಂದಿದೆ, ಅದಕ್ಕೆ ಕಾಡುಬಳ್ಳಿ ಹಬ್ಬಿ ಮೇಲಿನ ಸಾಲು ಮಾತ್ರ ಕಾಣುತ್ತದೆ, ಮಳೆಗಾಲದಲ್ಲಿ ಅದೂ ಇಲ್ಲ. ಕಳೆದ ತಿಂಗಳು ನಾನೇ ಕತ್ತಿ ತೆಗೆದುಕೊಂಡು ಹೋಗಿ ಸವರಿ ಬಂದೆ.

ಮಂಜೇಶ್ವರ, ಕಾಸರಗೋಡು ತಾಲೂಕಿನ ರಸ್ತೆಯಲ್ಲಿ ವೇಗದ ಬೋರ್ಡ್, ಕ್ಯಾಮರಾ ಬೋರ್ಡ್ ಕನ್ನಡದಲ್ಲೂ ಇರಲಿ, ಕ್ಯಾಮರಾಕ್ಕಿಂತ ಸಾಕಷ್ಟು ಮೊದಲೇ ಕಾಣುವಂತೆ ಇರಲಿ, ಮನೆಗೆ ಬರುವ ನೋಟಿಸಿನಲ್ಲಿ ಕನ್ನಡದ ನಾಲ್ಕು ಸಾಲು ಇರಲಿ. ನನಗೆ ಬಂದದ್ದರಲ್ಲಿ ಒಂದಕ್ಷರ ಇರಲಿಲ್ಲ. ಇದಕ್ಕೆ ಹದಿನಾರು ಸಾವಿರದ ಯಂತ್ರ ಬೇಡ, ಒಂದು ಡಬ್ಬಿ ಬಣ್ಣ ಸಾಕು. ನಿಮ್ಮ ಪತ್ರಿಕೆ ಈ ವಿಷಯ ಎತ್ತಿದರೆ ಸಹಿ ಹಾಕುವುದಕ್ಕೆ ನಮ್ಮ ಕಡೆಯಿಂದ ತುಂಬಾ ಜನ ಬರುತ್ತಾರೆ.

ಮಂಜೇಶ್ವರದ ಆ ಓದುಗರಿಗೆ ಇನ್ನೂ ಡಿಟೆಕ್ಟರ್ ಬೇಕೇ ಬೇಕು ಅಂತಿದ್ದರೆ ಹೊಸತು ಕೊಳ್ಳಬೇಡಿ, ನನ್ನದು ಅರ್ಧ ಬೆಲೆಗೆ ಕೊಡುತ್ತೇನೆ. ವೈರು, ಫ್ಯೂಸು ಎಲ್ಲ ಸೇರಿ. ರಬ್ಬರ್ ಕಪ್ ಮಾತ್ರ ಕೊಡಲಾಗದು. ಅದನ್ನು ಹೆಂಡತಿ ಬಚ್ಚಲುಮನೆಯ ಟೈಲ್ಸಿಗೆ ಒತ್ತಿ ಬ್ರಷ್ಷಿನ ಡಬ್ಬಿ ನೇತುಹಾಕಿದ್ದಾಳೆ. ಅಲ್ಲಿ ತಂಪು, ಇವತ್ತಿನವರೆಗೆ ಬಿದ್ದಿಲ್ಲ.

ಇತಿ,
ಪೆರ್ಲದ ಒಬ್ಬ ಓದುಗ