ವಿಚಿತ್ರವಲ್ಲ, ವ್ಯಾಜ್ಯ

ಮಾನ್ಯರೇ,

ನ್ಯೂಜಿಲೆಂಡಿನ ವಾಂಗನುಯಿ ನದಿಯನ್ನು ಕಾನೂನು ‘ವ್ಯಕ್ತಿ’ ಎಂದು ಒಪ್ಪಿದೆ ಅಂತ ನಿಮ್ಮ ಭಾನುವಾರದ ಪುರವಣಿಯ ವಿಚಿತ್ರ ಸುದ್ದಿಗಳ ಮೂಲೆಯಲ್ಲಿ ನಾಲ್ಕು ಸಾಲು ಓದಿದೆ. ವಿಚಿತ್ರ ಏನೂ ಇಲ್ಲ ಸ್ವಾಮಿ. ಅದೊಂದು ಹಳೇ ಜಮೀನು ವ್ಯಾಜ್ಯ. ಮೂವತ್ತೆರಡು ವರ್ಷ ಸರ್ವೆ ಸರಪಳಿ ಎಳೆದವನು ನಾನು, ಅದರ ವಾಸನೆ ಬೇಗ ಹತ್ತುತ್ತದೆ.

ಹೋದ ವರ್ಷ ಮಗಳ ಮನೆಗೆಂದು ಹೋಗಿ ಆ ನದಿ ದಡದ ಊರಲ್ಲೇ ಮೂರು ತಿಂಗಳಿದ್ದೆ. ಮಳೆ ಬಂದರೆ ಹೊಳೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಕೆಲಸವಿರಲಿಲ್ಲ, ಕೇಸಿನ ಕಥೆ ಓದುತ್ತ ಕೂತೆ.

1840ರ ವೈತಾಂಗಿ ಒಪ್ಪಂದದಲ್ಲಿ ಜಮೀನು, ಕಾಡು, ಮೀನುಗಾರಿಕೆ ನಿಮಗೇ ಇರಲಿ ಎಂದು ಬ್ರಿಟನ್ ರಾಣಿಯ ಕಡೆಯವರು ಅಲ್ಲಿನ ಮೂಲನಿವಾಸಿ ಮಾವೊರಿಗಳಿಗೆ ಬರೆದುಕೊಟ್ಟಿದ್ದರು. ಆಮೇಲೆ ಹಬೆದೋಣಿಗಳಿಗೆ ದಾರಿ ಬೇಕಾಯಿತು, ಹಾವುಮೀನು ಹಿಡಿಯಲು ಮಾವೊರಿಗಳು ಹೂಡಿದ್ದ ಒಡ್ಡುಗಳನ್ನು ಕಿತ್ತರು. 1903ರ ಕಾನೂನು ದೋಣಿ ಓಡುವ ಹೊಳೆಗಳ ಪಾತ್ರ, ಅಂದರೆ ನೀರಿನ ತಳದ ನೆಲವೆಲ್ಲ ಸರ್ಕಾರದ್ದು ಅಂದಿತು. 1938ರಲ್ಲಿ ಮಾವೊರಿಗಳು ಕೋರ್ಟಿಗೆ ಹೋದರು. ಅಲೆದು ಅಲೆದು 1962ಕ್ಕೆ ಮೇಲ್ಮನವಿ ಕೋರ್ಟು ಹೇಳಿದ್ದೇನು ಗೊತ್ತಾ? ದಡದ ಜಮೀನಿನ ಹಕ್ಕು ಹೊಳೆಯ ನಡುಗೆರೆವರೆಗೆ. ದಡ ಮಾರಿದವರು ಅಷ್ಟು ಹೊಳೆಯನ್ನೂ ಮಾರಿದ ಹಾಗೆ.

ಮಗಳ ಮನೆಯ ನಕ್ಷೆ ಹರಡಿ, ಆ ನಡುಗೆರೆಯನ್ನು ಪೆನ್ಸಿಲಿನಲ್ಲಿ ಎಳೆದು ನೋಡಿದೆ. 290 ಕಿಲೋಮೀಟರ್ ಹೊಳೆ, ಉದ್ದಕ್ಕೂ ಸೀಳು. ‘ನಾನೇ ಹೊಳೆ, ಹೊಳೆಯೇ ನಾನು’ ಅನ್ನುವ ಜನ ಅವರು! ನಮ್ಮ ದಾಖಲೆಯಲ್ಲಿ ಹಳ್ಳ ಅಂದರೆ ಬಿ ಖರಾಬು, ಸಾಗುವಳಿಗಲ್ಲದೆ ಸಾರ್ವಜನಿಕರಿಗೆಂದು ಬಿಟ್ಟ ಜಾಗ, ಅಷ್ಟೇ. ಅದರ ಬಗ್ಗೆ ಸರ್ವೀಸಿನಲ್ಲಿ ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ ನಾನು.

1975ರಲ್ಲಿ, ಆ ಒಪ್ಪಂದ ಮುರಿದ ದೂರುಗಳನ್ನು ವಿಚಾರಿಸಲು ವೈತಾಂಗಿ ನ್ಯಾಯಮಂಡಳಿ ಬಂತು. ಹೊಳೆಯನ್ನು ತುಂಡು ಮಾಡಲಾಗದು ಎಂಬ ಮಾವೊರಿಗಳ ಮಾತಿಗೆ 1999ರ ಅದರ ವರದಿಯಲ್ಲಿ ಬೆಲೆ ಸಿಕ್ಕಿತು. 2014ರಲ್ಲಿ ಸರ್ಕಾರದ ಜೊತೆ ರಾಜಿ, 2017ರಲ್ಲಿ ಹೊಳೆಯನ್ನು ‘ವ್ಯಕ್ತಿ’ ಎಂದ ಕಾಯ್ದೆ. ಈಗ ಹೊಳೆಯ ಪರವಾಗಿ ಮಾತಾಡಲು ಇಬ್ಬರಿದ್ದಾರೆ. ಒಬ್ಬರನ್ನು ಬುಡಕಟ್ಟುಗಳವರು ಸೂಚಿಸುತ್ತಾರೆ, ಇನ್ನೊಬ್ಬರನ್ನು ಸರ್ಕಾರ.

ಆದರೆ ಹೊಳೆಯ ಹೆಸರಿಗೆ ಖಾತೆಯಾದದ್ದು ಸರ್ಕಾರದ ಕೈಲಿದ್ದ ಪಾತ್ರ ಮಾತ್ರ. ನೀರಲ್ಲ. ತಲೆಹೊಳೆಗಳ ನೀರನ್ನು ಟೊಂಗರಿರೋ ವಿದ್ಯುತ್ ಯೋಜನೆ ಇವತ್ತಿಗೂ ತಿರುಗಿಸಿಕೊಳ್ಳುತ್ತದೆ. ಇನ್ನೊಮ್ಮೆ ಈ ಸುದ್ದಿ ಹಾಕುವಾಗ ಐದನೇ ಸಾಲಾಗಿ ಇದನ್ನೂ ಸೇರಿಸಿ.

– ನಿವೃತ್ತ ಭೂಮಾಪಕ, ತಿಪಟೂರು